ನಾಲ್ಕನೇ ಬ್ಲಾಕಿನಲ್ಲಿ ತಳ್ಳುಗಾಡಿ

(ಜಯನಗರ. ಫುಟ್‌ಪಾತ್ ಎಂದು ನಾವು ಗೌರವದಿಂದ ಕರೆಯುವ ಜಾಗ.)

ಅಜ್ಜಿ: ಕೂಸಿನ ಗಾಡಿಗೆ ಎಂಬತ್ತು ಸಾವಿರವೇ! ಪೆಟ್ರೋಲ್ ಬೇರೆ ಹಾಕಿಸಬೇಕೇನೋ?

ಮಗ: ಹಾಲೆಂಡಿನದಮ್ಮ. ಸಸ್ಪೆನ್ಷನ್ ಇದೆ.

ಅಜ್ಜಿ: ಈ ಚಪ್ಪಡಿಗಳಿಗೆ ಅದು ಸಾಲದು, ರೆಕ್ಕೆ ಬೇಕು.

ಮಗ: ರೆಕ್ಕೆಯ ನಂಟೂ ಉಂಟು! 1965ರಲ್ಲಿ ಕೊಡೆಯಂತೆ ಮಡಚುವ ಗಾಡಿ ರೂಪಿಸಿದ ಓವೆನ್ ಮೆಕ್ಲಾರೆನ್ ವಿಮಾನದ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಕಾಲುಗಳಿಗೂ ದುಡಿದವನು. ಅವನ ಗಾಡಿ ಮೂರು ಕಿಲೋ ಒಳಗೇ.

ಅಜ್ಜಿ: ನಿನ್ನದು?

ಮಗ: ಹತ್ತು.

ಅಜ್ಜಿ: ಮಗು?

ಮಗ: ಏಳು.

ಅಜ್ಜಿ: ಸರಿ, ಟ್ರಾನ್ಸ್‌ಫಾರ್ಮರ್ ಬಂತು. ನೀನು ಗಾಡಿ ಎತ್ತಿಕೋ, ನಾನು ಕೂಸು ಎತ್ತಿಕೊಳ್ತೀನಿ. ಅವರೆಕಾಯಿ ಅದರಲ್ಲೇ ಇರಲಿ.

ವ್ಯಾಪಾರಿ: ಸಾರ್, ಗಾಡಿ ಮುಂದಕ್ಕೆ ತಳ್ಳಿ! ಇಲ್ಲಿ ಅವರೆಕಾಯಿ ಮಾರೋನು ನಾನು.