ಪ್ಲಗ್ ಪಕ್ಕದ ಪಾಳೇಗಾರರು

ಮೊದಲೆಲ್ಲ ರೈಲಿನಲ್ಲಿ ಕಿಟಕಿ ಸೀಟಿಗೆ ಜಗಳ. ಈಗ ಜಗಳವೇನಿದ್ದರೂ ಕಿಟಕಿ ಕೆಳಗಿನ ತೂತುಗಳಿಗೆ. ಸ್ಲೀಪರ್ ಬೋಗಿಯಲ್ಲಿ ಚಾರ್ಜಿಂಗ್ ಪಾಯಿಂಟ್ ಪಕ್ಕ ಕೂತವರ ಠೀವಿ ನೋಡಬೇಕು. "ಸಾರ್, ಸ್ವಲ್ಪ ಇದನ್ನ ಹಾಕ್ತೀರಾ?" ಅಂತ ಅಪ್ಪರ್ ಬರ್ತಿನವರು ವೈರು ಇಳಿಬಿಟ್ಟರೆ, ಮೊದಲು ವಿಚಾರಣೆ. "ಎಷ್ಟಿದೆ? ನಲವತ್ತಾ? ಇರಿ ಹಾಗಾದ್ರೆ, ಈ ಅಜ್ಜೀದು ಹನ್ನೆರಡಕ್ಕೆ ಬಂದಿದೆ."

ಸರದಿ ಬಂದರೂ ಸಾಕೆಟ್ಟು ಸಡಿಲ. ಪ್ಲಗ್ಗನ್ನು ಕೈಯಲ್ಲಿ ಒತ್ತಿ ಹಿಡಿದೇ ಕೂರಬೇಕು. ಬಿಟ್ಟರೆ, ಗಾಡಿ ಹಳಿ ಬದಲಿಸುವಾಗ ಚಾರ್ಜರು ನೇರ ಕೆಳಗಿನವರ ಚಿತ್ರಾನ್ನಕ್ಕೆ. ಹಳೇ ಬೋಗಿಗಳಲ್ಲಿ ಬರುವುದೇ 110 ವೋಲ್ಟ್, ಮನೆಯದರ ಅರ್ಧವೂ ಇಲ್ಲ. ಮೊಬೈಲು ಹೇಗೋ ಸುಧಾರಿಸಿಕೊಳ್ಳುತ್ತದೆ. ಆದರೆ ಅಷ್ಟರಲ್ಲೇ ಕೆಟಲ್ ಇಟ್ಟು ನೂಡಲ್ಸ್ ಬೇಯಿಸ ಹೊರಡುವ ಮಹಾನುಭಾವರಿದ್ದಾರಲ್ಲ, ಅವರಿಗೆ ನಿಯಮದ ಭಯವೂ ಇಲ್ಲ, ಬೆಂಕಿಯ ಭಯವೂ ಇಲ್ಲ.

ಬೆಂಕಿಯ ಭಯಕ್ಕೇ ರಾತ್ರಿ 11ರಿಂದ ಬೆಳಗಿನ 5ರವರೆಗೆ ಪಾಯಿಂಟುಗಳ ಕರೆಂಟು ತೆಗೆಯುವ ಕಟ್ಟಳೆ ಇದೆ. ಹತ್ತೂವರೆಗೆ ಶುರು ನೋಡಿ ಗಡಿಬಿಡಿ: ಬ್ಯಾಗು ಜಾಲಾಡುವವರು, ವೈರು ಸಾಲ ಕೇಳುವವರು. ಸೈಡ್ ಲೋಯರ್ ಅಂಕಲ್ ಮಾತ್ರ ನೂರಾದರೂ ಕೀಳರು. "ಇರಲಿ ಬಿಡಪ್ಪ, ಇನ್ನೊಂಚೂರು ಹಿಡಿಯುತ್ತೆ!"