ಮೂಲಬಿಂದು ಮೇಷ್ಟ್ರು

ನಮ್ಮ ಕಡೆ ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆಲ್ಲ ಇವರು ಗೊತ್ತು. ಹೆಸರು ಬೇಡ, ಇವರು ಒಬ್ಬರಲ್ಲ, ಹತ್ತು ಜನ ಇದ್ದಾರೆ. ಎಲ್ಲರ ತೋಳಿನ ಮೇಲೂ ಸೀಮೆಸುಣ್ಣದ ಪುಡಿ, ಎಲ್ಲರ ಸ್ಕೂಟರಿನ ಡಿಕ್ಕಿಯಲ್ಲೂ ಒಂದು ಉದ್ದನೆಯ ಅಡಿಕೋಲು, ಅರ್ಧ ಹೊರಗೆ. ಸೋಮವಾರ ಚಿಕ್ಕಬಳ್ಳಾಪುರ, ಮಂಗಳವಾರ ಶಿಡ್ಲಘಟ್ಟ, ಬುಧವಾರ ಚಿಂತಾಮಣಿ, ಗುರುವಾರ ಗೌರಿಬಿದನೂರು. ಬೆಳಗಿನ ಜಾವ ಐದೂವರೆಗೆ ಯಾರದೋ ಮಹಡಿಯ ಮೇಲೆ, ಶೀಟಿನ ಕೆಳಗೆ ಟ್ಯೂಷನ್. ಫೀಸು ಬೇರೆ, ಪೆಟ್ರೋಲು ಬೇರೆ.

ಮೇಷ್ಟ್ರಿಗೆ ತ್ರಿಕೋನಮಿತಿಯೂ ಬರುತ್ತದೆ, ಸಂಖ್ಯಾಶಾಸ್ತ್ರವೂ ಬರುತ್ತದೆ. ಪ್ರಾಣ ಇರುವುದು ಮಾತ್ರ ನಿರ್ದೇಶಾಂಕ ರೇಖಾಗಣಿತದಲ್ಲಿ. ಬೋರ್ಡಿನ ಮೇಲೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು, ಕೂಡಿದ ಜಾಗದಲ್ಲಿ ಸೀಮೆಸುಣ್ಣ ಒತ್ತಿ ತಿರುವಿ ಒಂದು ಚುಕ್ಕಿ ಇಡುತ್ತಾರೆ. ಅದು ಮೂಲಬಿಂದು. ಸೋಮವಾರ ಆ ಚುಕ್ಕಿಯ ಹೆಸರು ಚಿಕ್ಕಬಳ್ಳಾಪುರ. "ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಪಕ್ಕದಲ್ಲಿಟ್ಕೊಂಡು ಮೈನಸ್ ಮರೀತೀರಲ್ರೋ!" ಆ ಲೆಕ್ಕಕ್ಕೆ ಗೌರಿಬಿದನೂರು ಎಡಕ್ಕೆ, ಮೇಲಕ್ಕೆ: ಎಕ್ಸ್ ಮೈನಸ್ಸು, ವೈ ಪ್ಲಸ್ಸು. ಇದನ್ನೇ ಅವರು ಗೌರಿಬಿದನೂರಿನಲ್ಲಿ ಒಮ್ಮೆ ಹೇಳಿದರಂತೆ. "ನಾವ್ಯಾಕೆ ಸಾರ್ ಮೈನಸ್ಸು?" ಎಂದು ಹಿಂದಿನ ಸಾಲು ಎದ್ದು ನಿಂತಿತು. ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು. ಅಲ್ಲಿ ಪ್ರಶ್ನೆ ಕೇಳಬೇಡ ಅನ್ನುವುದಕ್ಕಾಗುತ್ತದೆಯೇ? ಮುಂದಿನ ಗುರುವಾರದಿಂದ ಮೂಲಬಿಂದು ಗೌರಿಬಿದನೂರಿಗೆ ವರ್ಗವಾಯಿತು. ಬುಧವಾರ ಚಿಂತಾಮಣಿಗೆ, ಮಂಗಳವಾರ ಶಿಡ್ಲಘಟ್ಟಕ್ಕೆ. ಫೀಸು ಕೊಡುವ ಊರು ಯಾವುದೋ ಸೊನ್ನೆ-ಸೊನ್ನೆ ಅಲ್ಲಿ. ಮೋಸವೇನಿಲ್ಲ; ಚುಕ್ಕಿ ಎಲ್ಲಿಟ್ಟರೂ ಊರಿಂದೂರಿಗೆ ಇರುವ ದೂರ ಬದಲಾಗುವುದಿಲ್ಲ, ಬದಲಾಗುವುದು ನಿರ್ದೇಶಾಂಕ ಮಾತ್ರ. 1637ರಲ್ಲಿ ರೆನೆ ಡೆಕಾರ್ಟ್ ಈ ವಿದ್ಯೆಯನ್ನು ಅಚ್ಚು ಹಾಕಿಸಿದಾಗ ಅದರಿಂದ ನಾಲ್ಕು ಊರಿನ ಟ್ಯೂಷನ್ ನಡೆದೀತೆಂದು ಅಂದುಕೊಂಡಿರಲಿಕ್ಕಿಲ್ಲ.

ಪುಸ್ತಕದಲ್ಲಿ ಒಂದು ಲೆಕ್ಕವಿದೆ. ಎ ಎಂಬ ಪಟ್ಟಣದಿಂದ ಬಿ ಎಂಬ ಪಟ್ಟಣ 36 ಕಿ.ಮೀ. ಪೂರ್ವಕ್ಕೆ, 15 ಕಿ.ಮೀ. ಉತ್ತರಕ್ಕೆ, ದೂರ ಎಷ್ಟು? ಮೇಷ್ಟ್ರು ಎ-ಬಿ ಒರೆಸಿ ಚಿಕ್ಕಬಳ್ಳಾಪುರ, ಚಿಂತಾಮಣಿ ಎಂದು ಬರೆದರು. ಕಂಡಕ್ಟರರ ಮಗ ಕೈ ಎತ್ತಿದ.

"ಚಿಂತಾಮಣಿ ಪೂರ್ವಕ್ಕೆ, ಒಪ್ಕೋತೀನಿ ಸಾರ್. ಉತ್ತರಕ್ಕಿಲ್ಲ. ಒಂಚೂರು ದಕ್ಷಿಣಕ್ಕೇ ಇದೆ."

"ಇರ್ಲಿ. ಮೈನಸ್ಸನ್ನ ವರ್ಗ ಮಾಡಿದ್ರೆ ಏನಾಗುತ್ತೆ?"

"ಪ್ಲಸ್ಸು."

"ಆಯ್ತಲ್ಲ! 1296, 225, ಕೂಡಿದ್ರೆ 1521, ವರ್ಗಮೂಲ 39. ಉತ್ತರಕ್ಕಿದ್ರೂ 39, ದಕ್ಷಿಣಕ್ಕಿದ್ರೂ 39."

"ದಕ್ಷಿಣಕ್ಕೆ 15 ಇಲ್ಲ ಸಾರ್. ಬಸ್ಸು ಬೇರೆ ಶಿಡ್ಲಘಟ್ಟದ ಮೇಲೆ ಹೋಗುತ್ತೆ."

"ಪರೀಕ್ಷೆಗೆ ಬರೋದು ಪುಸ್ತಕದ ಚಿಂತಾಮಣಿ ಕಣಪ್ಪ, ನಿಮ್ಮಪ್ಪನ ಚಿಂತಾಮಣಿ ಅಲ್ಲ."

ಚಂಪಾ-ಚಮೇಲಿ ಲೆಕ್ಕ ಬಂದ ದಿನ ಅವರಿಗೆ ಹಬ್ಬ. ನಾಲ್ವರು ಗೆಳೆಯರು ಕ್ಲಾಸಿನಲ್ಲಿ (3, 4), (6, 7), (9, 4), (6, 1) ಬಿಂದುಗಳಲ್ಲಿ ಕೂತಿದ್ದಾರೆ. ಅದು ಚೌಕ ಅನ್ನುತ್ತಾಳೆ ಚಂಪಾ, ಅಲ್ಲ ಅನ್ನುತ್ತಾಳೆ ಚಮೇಲಿ. ಬೇರೆ ಮೇಷ್ಟ್ರುಗಳು ದೂರ ಸೂತ್ರ ಹಾಕಿ ಮುಗಿಸುತ್ತಾರೆ. ನಮ್ಮವರು ನಾಲ್ಕು ಹುಡುಗರನ್ನು ಎಬ್ಬಿಸಿ, ನೆಲದ ಕಲ್ಲು ಎಣಿಸಿ ಕೂರಿಸಿ, ಇಬ್ಬರು ಹುಡುಗಿಯರಿಂದ ಜಗಳ ಆಡಿಸುತ್ತಾರೆ. ಆಕಾರ ಮೂಲೆಯ ಮೇಲೆ ನಿಂತಿರುವುದರಿಂದ ಚೌಕದಂತೆ ಕಾಣುವುದೇ ಇಲ್ಲ. "ಇಸ್ಪೀಟಿನ ಡೈಮನ್ ಸಾರ್!" ಎಂದ ಒಬ್ಬ. ಯಾರ ಮನೆಯಲ್ಲಿ ನೋಡಿದೆ ಎಂಬ ವಿಚಾರಣೆಗೇ ಹತ್ತು ನಿಮಿಷ ಹೋಯಿತು. ನಾಲ್ಕು ಬದಿಯೂ 3 ರೂಟ್ 2, ಎರಡು ಕರ್ಣವೂ 6, ಚಂಪಾ ಗೆದ್ದಳು ಅನ್ನುವಷ್ಟರಲ್ಲಿ ಶಾಲೆಗೆ ಹೊತ್ತಾಗಿತ್ತು. ಚಮೇಲಿಯಾಗಿದ್ದ ಹುಡುಗಿ ಮೆಟ್ಟಿಲಿಳಿಯುವಾಗಲೂ ಒಪ್ಪಿರಲಿಲ್ಲ.

ಮೊನ್ನೆ ಮಂಗಳವಾರ ಶಿಡ್ಲಘಟ್ಟದಲ್ಲಿ ನಡೆದದ್ದನ್ನು ಹೇಳಲೇಬೇಕು. ರೇಷ್ಮೆ ರೀಲರ್ ಒಬ್ಬರ ಮಗಳು. ಗೂಡಿನ ಮಾರ್ಕೆಟ್ಟಿನಲ್ಲಿ ಕಿಲೋಗೆ ಒಂದು ರೂಪಾಯಿ ಹೆಚ್ಚು ಕೂಗಲೋ ಬೇಡವೋ ಎಂದು ಲೆಕ್ಕ ಹಾಕುವ ಮನೆತನ. ಮೇಷ್ಟ್ರು ಚುಕ್ಕಿ ಇಟ್ಟು, "ಶಿಡ್ಲಘಟ್ಟ, ಸೊನ್ನೆ-ಸೊನ್ನೆ" ಎಂದೊಡನೆ ಎದ್ದಳು.

"ಸಾರ್, ಮೂಲಬಿಂದು ನಮ್ಮೂರು ತಾನೇ?"

"ಹೌದಮ್ಮ."

"ನೀವು ಈಗ ಎಲ್ಲಿದ್ದೀರಿ?"

"ಇಲ್ಲೇ, ಮೂಲಬಿಂದುವಿನಲ್ಲೇ."

"ನಿನ್ನೆ ಚಿಕ್ಕಬಳ್ಳಾಪುರದಲ್ಲೂ ಮೂಲಬಿಂದುವಿನಲ್ಲೇ ಇದ್ರಂತೆ, ನನ್ನ ಅತ್ತೆ ಮಗ ಹೇಳ್ದ. ಸೊನ್ನೆ-ಸೊನ್ನೆಯಿಂದ ಸೊನ್ನೆ-ಸೊನ್ನೆಗೆ ದೂರ ಸೂತ್ರ ಹಾಕಿದ್ರೆ ಸೊನ್ನೆ ಬರುತ್ತೆ. ಪೆಟ್ರೋಲು ಯಾವುದಕ್ಕೆ ಅಂತ ಅಪ್ಪ ಕೇಳ್ತಿದ್ದಾರೆ ಸಾರ್."

ಶೀಟಿನ ಮೇಲೆ ಕಾಗೆ ನಡೆದಾಡುವುದು ಕೇಳಿಸುವಷ್ಟು ಮೌನ. ಮೇಷ್ಟ್ರು ಬೋರ್ಡು ಒರೆಸಿದರು, ಅಂಚಿನವರೆಗೂ, ನಿಧಾನವಾಗಿ.

"ಭಾಗ ಪ್ರಮಾಣ ಸೂತ್ರ ಬರ್ಕೊಳ್ಳಿ."