ಓವನ್ ಮುಂದೆ ಕೈಕಟ್ಟಿ ನಿಂತವರು

ಅಮೆರಿಕದಲ್ಲಿ ಬಾಡಿಗೆ ಮನೆ ಹಿಡಿದ ಕನ್ನಡಿಗರಿಗೆ ನಾಲ್ಕು ಬರ್ನರಿನ ಒಲೆಯ ಜೊತೆ ಅದರ ಹೊಟ್ಟೆಯೊಳಗೊಂದು ಓವನ್ ಕೇಳದೆಯೇ ಸಿಗುತ್ತದೆ. ಬಹಳ ಮನೆಗಳಲ್ಲಿ ಅದು ಪಾತ್ರೆಯ ಕಪಾಟು. ದೋಸೆ ಹೆಂಚು, ಕುಕ್ಕರಿನ ಡಬ್ಬಿಗಳು, ಹಬ್ಬಕ್ಕಷ್ಟೇ ಆಚೆ ಬರುವ ದೊಡ್ಡ ಬಾಣಲೆ, ಎಲ್ಲ ಅದರೊಳಗೇ. ಪಾಪ, ಓವನ್ನಿಗೆ ಬೇರೆ ಕೆಲಸ ಕೊಡೋಣವೆಂದರೂ ಏನಿದೆ? ಇಡ್ಲಿ ಹಬೆಯಲ್ಲಿ ಬೇಯುತ್ತದೆ, ರೊಟ್ಟಿ ಹೆಂಚಿನ ಮೇಲೆ, ಸಾರು ಉರಿಯ ಮೇಲೆ. ಬನ್ನು, ಬ್ರೆಡ್ಡು ಬೇಯಿಸುವ ಉಸಾಬರಿಯನ್ನು ಊರಿನಲ್ಲಿ ಅಯ್ಯಂಗಾರ್ ಬೇಕರಿಗೆ ವಹಿಸಿ ಬಂದಾಗಿದೆ.

ಈ ಕಪಾಟಿಗೆ ಗಂಡಾಂತರ ಒದಗುವುದು ಮನೆಯ ಮಾಂಸಪ್ರಿಯರಿಗೆ ಬೇಕನ್ ಮೇಲೆ ಮನಸ್ಸಾದಾಗ. ಒಳಗಿದ್ದ ಪಾತ್ರೆಗಳನ್ನು ತೆಗೆಯದೆ ಗುಂಡಿ ತಿರುಗಿಸಿದವರಿಗೆ ಮೊದಲು ಪ್ಲಾಸ್ಟಿಕ್ ಹಿಡಿಯ ವಾಸನೆ, ಆಮೇಲೆ ಛಾವಣಿಯಲ್ಲಿರುವ ಹೊಗೆ ಅಲಾರಮಿನ ಚೀರಾಟ. ಎರಡೂ ಮುಗಿದ ಮೇಲೆ ಅಡುಗೆ.

ಹಂದಿಯ ಹೊಟ್ಟೆಭಾಗದ ಮಾಂಸವನ್ನು ಉಪ್ಪು ಹಾಕಿ ಹದಗೊಳಿಸಿ, ಹೊಗೆಯಾಡಿಸಿ, ತೆಳ್ಳಗೆ ಸೀಳಿದ ಪಟ್ಟಿಗಳೇ ಅಮೆರಿಕದ ಬೇಕನ್. ಮೊಟ್ಟೆಯ ಪಕ್ಕದಲ್ಲಿ ಅದು ಇಷ್ಟು ಗಟ್ಟಿಯಾಗಿ ಕೂತದ್ದರ ಹಿಂದೆ ಎಡ್ವರ್ಡ್ ಬರ್ನೇಸ್‌ ಎಂಬ ಪ್ರಚಾರ ಚತುರನ ಕೈವಾಡವಿದೆ. ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್‌ಗೆ ಈತ ಸೋದರಳಿಯ. 1920ರ ದಶಕದಲ್ಲಿ ಬೀಚ್-ನಟ್ ಕಂಪನಿಗೆ ಬೇಕನ್ ಮಾರಾಟ ಹೆಚ್ಚಬೇಕಿತ್ತು. ಬರ್ನೇಸ್‌ ಜಾಹೀರಾತು ಬರೆಯುವ ಬದಲು ಒಬ್ಬ ವೈದ್ಯರಿಂದ ಸಾವಿರಾರು ವೈದ್ಯರಿಗೆ ಕಾಗದ ಬರೆಸಿದ: ಬೆಳಗಿನ ತಿಂಡಿ ಹಗುರವಾಗಿರಬೇಕೋ, ಗಟ್ಟಿಯಾಗಿರಬೇಕೋ? ಹೆಚ್ಚಿನವರು ಗಟ್ಟಿ ತಿಂಡಿಯ ಪರ ಸಹಿ ಹಾಕಿದರು. ಪತ್ರಿಕೆಗಳು ಸುದ್ದಿ ಮಾಡಿದವು. ಗಟ್ಟಿ ತಿಂಡಿ ಎಂದರೆ ಬೇಕನ್ನು, ಮೊಟ್ಟೆ ಎಂದು ಜನ ತಿಳಿದುಕೊಂಡರು. ಅಂದು ಯಾರಾದರೂ ಕರ್ನಾಟಕದ ವೈದ್ಯರಿಗೆ ಬರೆದಿದ್ದರೆ ಫಲಿತಾಂಶ ಮುದ್ದೆಯ ಕಡೆಗೆ ವಾಲುತ್ತಿತ್ತೋ ಏನೋ.

ಬಾಣಲೆಗೆ ಬಿದ್ದ ಬೇಕನ್ ಸುಮ್ಮನೆ ಬೇಯುವ ಜಾತಿಯದಲ್ಲ. ಮಾಂಸದ ಎಳೆ, ನೆಣ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಪಟ್ಟಿ ಸುರುಳಿ ಸುತ್ತಿ ಮೇಲೇಳುತ್ತದೆ. ತಳ ಮುಟ್ಟಿದ ಕಡೆ ಕರಿ, ಮುಟ್ಟದ ಕಡೆ ಹಸಿ. ಒಳಗಿನ ನೀರು ಕಾದ ಕೊಬ್ಬಿನಡಿ ಆವಿಯಾಗಿ ಸಿಡಿದು ಮುಂಗೈಗೆ ಹಾರುತ್ತದೆ. ಓವನ್ನಿನಲ್ಲಿ ಈ ರಗಳೆಯಿಲ್ಲ. ಅಂಚಿರುವ ಟ್ರೇಗೆ ಫಾಯಿಲ್ ಹಾಸಿ, ಪಟ್ಟಿಗಳನ್ನು ಸಾಲಾಗಿ ಮಲಗಿಸಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 20 ನಿಮಿಷ ಬಿಟ್ಟರೆ ಸಾಕು. ಬಿಸಿ ಸುತ್ತಲಿಂದಲೂ ಬರುವುದರಿಂದ ಮಗುಚುವ ಅಗತ್ಯವೂ ಇಲ್ಲ.

ಕಷ್ಟವಿರುವುದೇ ಇಲ್ಲಿ. ಹುಟ್ಟಿದಾಗಿನಿಂದ ತಿರುವಿ, ಕೆದಕಿ, ಉಪ್ಪು ನೋಡಿ ರೂಢಿಯಾದ ಕೈಗೆ ಇಪ್ಪತ್ತು ನಿಮಿಷ ನಿರುದ್ಯೋಗ. ಗಾಜಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರೆ ಮೊದಮೊದಲು ಏನೂ ಆಗುವುದಿಲ್ಲ. ಆಮೇಲೆ ಬಿಳಿ ನೆಣ ಗಾಜಿನಂತೆ ಪಾರದರ್ಶಕವಾಗುತ್ತದೆ, ಅಂಚು ಅಲೆ ಅಲೆಯಾಗುತ್ತದೆ, ಕರಗಿದ ಕೊಬ್ಬಿನಲ್ಲಿ ಸಣ್ಣ ನೊರೆ ಏಳುತ್ತದೆ. ಅಷ್ಟರಲ್ಲಿ ತಾಳ್ಮೆ ಕೆಟ್ಟು ಬಾಗಿಲು ತೆರೆಯುತ್ತಾರೆ, ಬಿಸಿಯೆಲ್ಲ ಮುಖಕ್ಕೆ ರಾಚಿ ಕನ್ನಡಕ ಮಂಜಾಗುತ್ತದೆ. ಬೇಕನ್ ಬೇಯುವುದು ಇನ್ನಷ್ಟು ತಡ.

ಮೀಟ್‌ಬಾಲ್ ಇದಕ್ಕಿಂತ ಕರುಣಾಮಯಿ; ಉಂಡೆ ಕಟ್ಟುವಷ್ಟಾದರೂ ಕೈಗೆ ಕೆಲಸ ಕೊಡುತ್ತದೆ. ಸ್ವೀಡನ್ನಿನವರು ಇದನ್ನು ತಮ್ಮದೆಂದೇ ಮೆರೆಸಿದ್ದರು. 2018ರಲ್ಲಿ ಆ ದೇಶದ ಅಧಿಕೃತ ಟ್ವಿಟರ್ ಖಾತೆಯೇ, ಇದರ ಮೂಲ ಹನ್ನೆರಡನೆಯ ಚಾರ್ಲ್ಸ್ ದೊರೆ ತುರ್ಕಿಯಿಂದ ತಂದ ಪಾಕ ಎಂದು ಒಪ್ಪಿಕೊಂಡುಬಿಟ್ಟಿತು. 1709ರಲ್ಲಿ ಪೊಲ್ಟಾವದಲ್ಲಿ ರಷ್ಯನ್ನರಿಂದ ಸೋತು ಆಟೊಮನ್ ಸುಲ್ತಾನನ ಆಶ್ರಯದಲ್ಲಿ ಐದು ವರ್ಷ ಕಳೆದ ದೊರೆ ಅವನು. ತುರ್ಕಿಯವರಿಗೆ ಹಿಗ್ಗು, ಸ್ವೀಡನ್ನಿನವರಿಗೆ ಮುಜುಗರ.

2020ರ ಲಾಕ್‌ಡೌನಿನಲ್ಲಿ ಸ್ವೀಡನ್ನಿನದೇ ಪೀಠೋಪಕರಣ ಕಂಪನಿ ಐಕಿಯ ತನ್ನ ಮೀಟ್‌ಬಾಲ್ ಪಾಕವನ್ನು ಮನೆಯಡುಗೆಗೆ ಹೊಂದಿಸಿ ಹೊರಬಿಟ್ಟಿತು, ಅದೂ ಮೇಜು ಜೋಡಿಸುವ ಚಿತ್ರಪಟದ ಧಾಟಿಯಲ್ಲಿ. 500 ಗ್ರಾಂ ದನದ ಕೈಮಾ, 250 ಗ್ರಾಂ ಹಂದಿ ಕೈಮಾ, ಈರುಳ್ಳಿ, ಬೆಳ್ಳುಳ್ಳಿ, ಬ್ರೆಡ್ ಪುಡಿ, ಮೊಟ್ಟೆ, ಹಾಲು. ಬಾಣಲೆಯಲ್ಲಿ ಕೆಂಪಗೆ ಹೊರಳಿಸಿ, ಮುಚ್ಚಿ, 180 ಡಿಗ್ರಿ ಓವನ್ನಿನಲ್ಲಿ 30 ನಿಮಿಷ. ಅದೇ ಕಂಪನಿ 2018ರಲ್ಲಿ ಹೈದರಾಬಾದಿಗೆ ಕಾಲಿಟ್ಟಾಗ ದನ, ಹಂದಿ ಎರಡನ್ನೂ ಕೈಬಿಟ್ಟು ಕೋಳಿಯ ಉಂಡೆ, ತರಕಾರಿ ಉಂಡೆ ಇಟ್ಟಿತು. 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂತು.

ಹಳೇ ಮೈಸೂರಿನ ಅಡುಗೆಮನೆಗೆ ಇದೇನು ಹೊಸದಲ್ಲ. ಅಲ್ಲಿ ಕೈಮಾ ಉಂಡೆ ಸಾರಿದೆ. ಬ್ರೆಡ್ ಪುಡಿಯ ಜಾಗದಲ್ಲಿ ಹುರಿಗಡಲೆ, ಓವನ್ನಿನ ಜಾಗದಲ್ಲಿ ಕುದಿಯುವ ಮಸಾಲೆ. ಹಸಿ ಉಂಡೆಗಳನ್ನು ಒಂದೊಂದಾಗಿ ಇಳಿಬಿಟ್ಟ ಮೇಲೆ ಸೌಟು ಹಾಕುವಂತಿಲ್ಲ. ಹಾಕಿದರೆ ಉಂಡೆ ಒಡೆದು ಕೈಮಾ ಗೊಜ್ಜಾಗುತ್ತದೆ. ಬಟ್ಟೆಯಲ್ಲಿ ಪಾತ್ರೆ ಹಿಡಿದು ಮೆಲ್ಲಗೆ ಕುಲುಕಬೇಕು. ಬೆಂದಿದೆಯೇ ಎಂದು ತಿಳಿಯಲು ಅಮೆರಿಕ ಸರ್ಕಾರ ಕೈಮಾದ ನಡುವೆ ಥರ್ಮಾಮೀಟರ್ ಚುಚ್ಚಿ 71 ಡಿಗ್ರಿ ಬರಬೇಕೆನ್ನುತ್ತದೆ. ಮಂಡ್ಯದ ಕಡೆ ಒಂದನ್ನು ಮುರಿದು ತಿಂದು, ಅನುಮಾನ ಪರಿಹಾರಕ್ಕೆ ಇನ್ನೊಂದನ್ನು ತಿನ್ನುತ್ತಾರೆ.

ಎಲ್ಲ ಮುಗಿದ ಮೇಲೆ ಟ್ರೇಯಲ್ಲಿ ಬೇಕನ್ನಿನ ಕೊಬ್ಬು ನಿಂತಿರುತ್ತದೆ. ಕೊಡಗಿನ ಪಂದಿ ಕರಿಯಲ್ಲಾದರೆ ಅದು ಕಾಚಂಪುಳಿ ಎಂಬ ಕಪ್ಪು ಹುಳಿಯ ಜೊತೆ ಮಸಾಲೆಯಲ್ಲೇ ಸೇರಿ ಹೋಗುತ್ತದೆ. ಇಲ್ಲಿ ಸಿಂಕಿಗೆ ಸುರಿದರೆ ಕೊಳವೆಯಲ್ಲಿ ಗಟ್ಟಿಯಾಗಿ ಪ್ಲಂಬರನ್ನು ಕರೆಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಇದನ್ನು ಗೃಹಿಣಿಯರಿಂದ ಬೇಡಿ ಪಡೆಯುತ್ತಿತ್ತು. ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು. ಮಾಂಸದಂಗಡಿಗೆ ಒಯ್ದು ಕೊಟ್ಟವರಿಗೆ ಕಾಸೂ ಸಿಗುತ್ತಿತ್ತು. ಈಗ ಕೇಳುವವರಿಲ್ಲದೆ ಸೀಸೆಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡುತ್ತಾರೆ. ಹೆಪ್ಪುಗಟ್ಟಿದಾಗ ಅದರ ಬಣ್ಣ ತುಪ್ಪದ್ದೇ. ಆದ್ದರಿಂದ ಊರಿಂದ ಸಸ್ಯಾಹಾರಿ ಅತ್ತೆ ಬಂದಿಳಿಯುವ ಮೊದಲು ಸೀಸೆಗೆ ಚೀಟಿ ಅಂಟಿಸುವುದು ಲೇಸು, ದಪ್ಪ ಕನ್ನಡ ಅಕ್ಷರದಲ್ಲಿ: "ಅತ್ತೆ, ಇದನ್ನು ಒಗ್ಗರಣೆಗೆ ಹಾಕಬೇಡಿ."